ಚರ್ಚ್ ತನ್ನ ಅಕ್ಕಪಕ್ಕದವರಿಗೆ ಆಸರೆಯಾಗಬೇಕಾದರೆ

ನಮ್ಮ ಚರ್ಚ್‌ನ ಸೇವಾ ಸಮಿತಿಯ ಕೆಲಸ ನೋಡಿಕೊಳ್ಳುವವಳು ನಾನು. ಬೇರೆ ಚರ್ಚ್‌ನವರು ಸಿಕ್ಕಾಗಲೆಲ್ಲ ಕೇಳುತ್ತಾರೆ: "ಸುತ್ತಮುತ್ತಲಿನ ಜನರಿಗೆ ಏನಾದ್ರೂ ಮಾಡಬೇಕು ಅಂತಿದ್ದೀವಿ. ಎಲ್ಲಿಂದ ಶುರು ಮಾಡೋದು?" ಮೊದಲು ಏನನ್ನೂ ಕೊಡಬೇಡಿ, ಹೋಗಿ ಕೇಳಿ ಅನ್ನುತ್ತೇನೆ.

ಬೈಬಲ್‌ನಲ್ಲಿ ಬರುವ ಭಿಕ್ಷುಕ ಬಾರ್ತಿಮಾಯನಿಗೆ ಕಣ್ಣಿಲ್ಲ ಅನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೂ ಯೇಸು ಅವನನ್ನು ಹತ್ತಿರ ಕರೆಸಿ, ನಿನಗೆ ನಾನು ಏನು ಮಾಡಬೇಕು ಅಂತ ಕೇಳಿದರು. ಮಾರ್ಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿದೆ. ಅಷ್ಟು ಮರ್ಯಾದೆಯನ್ನು ನಾವೂ ಕೊಡಬೇಕಲ್ವಾ?

ಇಬ್ಬಿಬ್ಬರಾಗಿ ಹೋಗಿ. ಚರ್ಚ್‌ಗೆ ತೀರಾ ಹತ್ತಿರದ ಬೀದಿಗಳು ಸಾಕು. ಕೈಯಲ್ಲಿ ಕರಪತ್ರ ಬೇಡ. ಈ ಬೀದಿಯಲ್ಲಿ ಯಾವುದು ಕಷ್ಟ, ಈಗ ಯಾರಿಗೆ ಯಾರು ನೆರವಾಗುತ್ತಿದ್ದಾರೆ, ನಿಮಗೆ ಯಾವ ಕೆಲಸ ಚೆನ್ನಾಗಿ ಬರುತ್ತದೆ ಅಂತ ಕೇಳಿ. ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ. ನಿವೃತ್ತ ನರ್ಸ್, ಟೈಲರ್, ಲೆಕ್ಕ ಹೇಳಿಕೊಡಬಲ್ಲ ಹುಡುಗಿ ಎಲ್ಲರೂ ಅದೇ ಬೀದಿಯಲ್ಲಿರುತ್ತಾರೆ. ಅವರು ಚರ್ಚ್‌ಗೆ ಬರುವವರೇ ಆಗಬೇಕಿಲ್ಲ.

ಒಂದು ಮನೆಯಲ್ಲಿ ಸೊಸೆಯೊಬ್ಬರು ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುತ್ತಿದ್ದರು. ಅವರು ದಿನಸಿ ಕೇಳಲಿಲ್ಲ. "ವಾರಕ್ಕೊಂದ್ಸಲ ಎರಡು ಗಂಟೆ ಯಾರಾದ್ರೂ ಅತ್ತೆ ಹತ್ರ ಕೂತ್ರೆ ಸಾಕು, ಬ್ಯಾಂಕು, ಔಷಧಿ ಅಂತ ಹೋಗಿ ಬರ್ತೀನಿ" ಅಂದರು. ಇದಕ್ಕೆ ದುಡ್ಡು ಬೇಡ, ಆದರೆ ಶಿಸ್ತು ಬೇಕು. ಕೂರುವವರು ಮೊದಲ ಸಲ ಸೊಸೆ ಮನೆಯಲ್ಲಿರುವಾಗಲೇ ಹೋಗಿ, ಅಜ್ಜಿಯನ್ನು ಮಗ್ಗುಲು ಬದಲಿಸುವುದು ಹೇಗೆ ಅಂತ ನೋಡಿ ಕಲಿಯಬೇಕು. ದಿಂಬಿನ ಪಕ್ಕ ಒಂದು ನೋಟ್‌ಬುಕ್ ಇಡಿ. ಯಾವಾಗ ನೀರು ಕುಡಿದರು, ಈಗ ಯಾವ ಮಗ್ಗುಲಿಗೆ ಮಲಗಿದ್ದಾರೆ ಅಂತ ಬರೆಯಲಿ. ಸೊಸೆಯ ಮತ್ತು ಪಕ್ಕದ ಮನೆಯವರ ಫೋನ್ ನಂಬರ್ ಮೊದಲ ಪುಟದಲ್ಲೇ ಇರಲಿ. ಹೇಳಿದ ದಿನ ತಪ್ಪಿಸಬಾರದು. ಅವರು ನಮ್ಮನ್ನು ನಂಬಿ ಹೊರಡಲು ಸಿದ್ಧರಾಗಿರುತ್ತಾರೆ.

ನಿಮ್ಮ ಹತ್ತಿರ ಈಗಾಗಲೇ ಇರುವ ದೊಡ್ಡ ಆಸ್ತಿ ಅಂದರೆ ವಾರವಿಡೀ ಬೀಗ ಹಾಕಿರುವ ಹಾಲ್. ಸಂಜೆ ಮಕ್ಕಳು ಓದಿಕೊಳ್ಳಲಿ, ಬೆಳಿಗ್ಗೆ ಅರ್ಜಿ ತುಂಬಲು ಬಾರದವರಿಗೆ ಒಬ್ಬರು ತುಂಬಿಕೊಡಲಿ. ಮಕ್ಕಳಿರುವಾಗ ದೊಡ್ಡವರು ಇಬ್ಬರು ಇರಲೇಬೇಕು, ಬಾಗಿಲು ತೆರೆದೇ ಇರಬೇಕು. ಪಾಸ್ಟರ್ ಇದ್ದರೂ ಇದೇ ನಿಯಮ. ಈ ವಿಷಯದಲ್ಲಿ ದಾಕ್ಷಿಣ್ಯ ಬೇಡವೇ ಬೇಡ.

ಸುಮ್ನೆ ಕೂತು ಕೇಳಿಸಿಕೊಳ್ಳುವುದೂ ದೊಡ್ಡ ಸೇವೆ. 1953ರಲ್ಲಿ ಲಂಡನ್‌ನ ಪಾದ್ರಿ ಚಾಡ್ ವಾರಾ, ಬದುಕು ಬೇಡ ಅನ್ನಿಸಿದವರಿಗಾಗಿ ತಮ್ಮ ಚರ್ಚ್‌ನಲ್ಲಿ ಒಂದು ಫೋನ್ ಇಟ್ಟರು. ವಾರಾ ಅವರನ್ನು ಕಾಣಲು ಬಂದು ಕಾಯುತ್ತಿದ್ದವರ ಜೊತೆ ಸ್ವಯಂಸೇವಕರು ಕೂತಿರುತ್ತಿದ್ದರು. ಎಷ್ಟೋ ಜನ ಆ ಸ್ವಯಂಸೇವಕರ ಹತ್ತಿರವೇ ಮನಸ್ಸು ಬಿಚ್ಚಿ ಮಾತಾಡಿ ಹಗುರಾದರು. ಮುಂದಿನ ವರ್ಷ ವಾರಾ ಆ ಕೆಲಸವನ್ನೇ ಸ್ವಯಂಸೇವಕರಿಗೆ ಒಪ್ಪಿಸಿದರು. ಸಮಾರಿಟನ್ಸ್ ಸಂಸ್ಥೆ ಬೆಳೆದದ್ದು ಹೀಗೆ. ನಿಮ್ಮಲ್ಲೂ ಉಪದೇಶ ಮಾಡದೆ ಕೇಳಿಸಿಕೊಳ್ಳುವವರು ಇರುತ್ತಾರೆ, ಅವರನ್ನು ಹುಡುಕಿ. ಕೇಳಿದ ಮಾತು ಅಲ್ಲಿಗೇ ನಿಲ್ಲಬೇಕು, ಪ್ರಾರ್ಥನಾ ಕೂಟಕ್ಕೂ ಬರಬಾರದು. ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ತಡಮಾಡದೆ ವೈದ್ಯರ ನೆರವು ಪಡೆಯಿರಿ.

ಕೆಲಸ ಹೆಚ್ಚಾದಂತೆ ಗೊಣಗಾಟವೂ ಬರುತ್ತದೆ. ಬೈಬಲ್‌ನ ಅಪೊಸ್ತಲರ ಕೃತ್ಯಗಳು ಪುಸ್ತಕದ 6ನೇ ಅಧ್ಯಾಯ ತೆಗೆದು ನೋಡಿ. ದಿನದ ಆಹಾರ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಅಂತ ಮೊದಲ ಕ್ರೈಸ್ತರಲ್ಲಿ ಗ್ರೀಕ್ ಮಾತಾಡುವವರು ದೂರಿದರು. ಅಪೊಸ್ತಲರು, ಅಂದರೆ ಯೇಸುವಿನ ಮುಖ್ಯ ಶಿಷ್ಯರು, ಅವರ ಬಾಯಿ ಮುಚ್ಚಿಸಲಿಲ್ಲ. ಒಳ್ಳೆಯ ಹೆಸರಿರುವ ಏಳು ಜನರನ್ನು ನೀವೇ ಆರಿಸಿ ಅಂತ ವಿಶ್ವಾಸಿಗಳಿಗೆ ಹೇಳಿ, ಅವರು ಆರಿಸಿದವರಿಗೆ ಜವಾಬ್ದಾರಿ ವಹಿಸಿದರು. ಆ ಏಳೂ ಹೆಸರು ಗ್ರೀಕ್ ಹೆಸರುಗಳೇ! ದೂರಿದವರ ಕಡೆಯವರ ಕೈಗೇ ಕೆಲಸ ಕೊಟ್ಟಂತೆ ಕಾಣುತ್ತದೆ. ನಿಮ್ಮ ಸಮಿತಿಯಲ್ಲೂ ನೆರವು ಪಡೆಯುವ ಬೀದಿಯವರು ಕೂರಲಿ. ಹಿರಿಯರಷ್ಟೇ ಕೂತು ತೀರ್ಮಾನಿಸಿದರೆ ನಿಜವಾದ ಕಷ್ಟ ಮೇಜಿನ ತನಕ ಬರುವುದೇ ಇಲ್ಲ.

ದುಡ್ಡಿನ ಲೆಕ್ಕವನ್ನು ಆರಾಧನೆಯ ಕಾಣಿಕೆಯಿಂದ ಬೇರೆ ಇಡಿ, ಚೆಕ್‌ಗೆ ಇಬ್ಬರ ಸಹಿ ಇರಲಿ. ಪ್ರತಿ ತಿಂಗಳು ಖರ್ಚನ್ನು ನೋಟಿಸ್ ಬೋರ್ಡಿಗೆ ಹಾಕಿ. ನೆರವು ಪಡೆದವರ ಹೆಸರು ಮಾತ್ರ ಅಲ್ಲಿ ಬೇಡ.

ದಿನಸಿ ಚೀಲ ಕೊಡುವಾಗ ಫೋಟೋ ತೆಗೆಯಬೇಡಿ. ಆರಾಧನೆಗೆ ಬನ್ನಿ ಅಂತ ಷರತ್ತು ಹಾಕಬೇಡಿ. ಯಾರಾದರೂ ತಾವಾಗಿಯೇ ನಂಬಿಕೆಯ ಬಗ್ಗೆ ಕೇಳಿದರೆ ಸಂತೋಷವಾಗಿ ಮಾತಾಡಿ. ಕೇಳದಿದ್ದರೂ ಮುಂದಿನ ವಾರ ಅದೇ ಹೊತ್ತಿಗೆ ಅದೇ ಮನೆಗೆ ಹೋಗಿ.

ಶುರುವಿಗೆ ಒಂದೇ ಕೆಲಸ ಹಿಡಿಯಿರಿ, ಒಂದು ವರ್ಷ ಬಿಡದೆ ಮಾಡಿ. ಅದೇ ಕೆಲಸವನ್ನು ಪಕ್ಕದ ಶಾಲೆಯೋ ಸಂಘವೋ ಆಗಲೇ ಮಾಡುತ್ತಿದ್ದರೆ, ಬೇರೆ ಬೋರ್ಡ್ ಹಾಕದೆ ಅವರ ಜೊತೆ ಸೇರಿಕೊಳ್ಳಿ. ವರ್ಷ ತುಂಬಿದ ಮೇಲೆ ಮೊದಲು ಹೋಗಿದ್ದ ಮನೆಗಳಿಗೇ ಹೋಗಿ, ಇದರಿಂದ ಉಪಯೋಗ ಆಯ್ತಾ ಅಂತ ಕೇಳಿ. ಇಲ್ಲ ಅಂದರೆ ಆ ಕೆಲಸ ನಿಲ್ಲಿಸಿ, ಅವರು ಹೇಳಿದ್ದನ್ನು ಎತ್ತಿಕೊಳ್ಳಿ.