ಮಲೆನಾಡಿನ ಕುದುರೆಗೆ ಜೀನು, ತಡಿ: ನನ್ನ ಅನುಭವ

ತೀರ್ಥಹಳ್ಳಿ ಕಡೆಯ ನಮ್ಮ ತೋಟದ ಮನೆಗೆ ಮಾರ್ವಾಡಿ ತಳಿಯ ಹೆಣ್ಣು ಕುದುರೆ ಬಂದಾಗ ಜೊತೆಗೊಂದು ಜೀನೂ ಬಂತು. ನೋಡಲು ಚೆಂದವೇ. ಆದರೆ ಕತ್ತು ಮತ್ತು ಬೆನ್ನು ಸೇರುವ ಉಬ್ಬಿನ ಎರಡೂ ಪಕ್ಕ ಕುದುರೆಗೆ ರೂಪಾಯಿ ಅಗಲದ ಬಿಳಿ ಮಚ್ಚೆಗಳಿದ್ದವು. ಜೀನು ಒಂದೇ ಕಡೆ ಒತ್ತಿ ಒತ್ತಿ ಕೂದಲಿನ ಬುಡ ಕೆಟ್ಟರೆ ಆಮೇಲೆ ಅಲ್ಲಿ ಬಿಳಿ ಕೂದಲೇ ಹುಟ್ಟುತ್ತದೆ. ಅದನ್ನು ಕಂಡ ಮೇಲೆ ಆ ಜೀನು ಹಾಕಲು ನನಗೆ ಮನಸ್ಸು ಬರಲಿಲ್ಲ.

ಹೊಸದಕ್ಕೆ ಮೊದಲು ಬೆನ್ನಿನ ಅಳತೆ ತೆಗೆದೆ. ಬಾಗಿಸಿದಂತೆ ನಿಲ್ಲುವ ತಂತಿ, ಒಂದಿಷ್ಟು ರಟ್ಟು ಸಾಕು. ಕುದುರೆಯನ್ನು ಸಮನೆಲದಲ್ಲಿ ನಿಲ್ಲಿಸಿ, ಹೆಗಲ ಮೂಳೆಯ ಹಿಂದಂಚನ್ನು ತಡವಿ ಹುಡುಕಿ, ಅದರಿಂದ ಎರಡು ಬೆರಳು ಹಿಂದೆ ತಂತಿಯನ್ನು ಬೆನ್ನಿಗೆ ಅಡ್ಡಲಾಗಿ ಒತ್ತಿದೆ. ಅದೇ ಆಕಾರವನ್ನು ರಟ್ಟಿನ ಮೇಲೆ ಗೆರೆ ಎಳೆದು ಕತ್ತರಿಸಿದೆ. ಬೆನ್ನು ತಗ್ಗಾಗುವಲ್ಲಿ ಇನ್ನೊಂದು, ಕೊನೆಯ ಪಕ್ಕೆಲುಬು ಸೇರುವಲ್ಲಿ ಮತ್ತೊಂದು. ಆ ಕೊನೆಯ ಗೆರೆ ದಾಟಿ ಜೀನು ಹಿಂದಕ್ಕೆ ಹೋಗಲೇಬಾರದು. ಅಲ್ಲಿ ಭಾರ ಹೊರಲು ಪಕ್ಕೆಲುಬಿನ ಆಸರೆ ಇಲ್ಲ. ರಟ್ಟುಗಳನ್ನು ಕಾನ್ಪುರಕ್ಕೆ ಕಳಿಸಿ ಉಣ್ಣೆ ತುಂಬಿದ ಜೀನನ್ನೇ ಮಾಡಿಸಿದೆ. ಬೆನ್ನು ಬದಲಾದ ಹಾಗೆ ಉಣ್ಣೆಯನ್ನು ತೆಗೆಯಬಹುದು, ತುಂಬಬಹುದು. ಫೋಮಿನಲ್ಲಿ ಆ ಅನುಕೂಲವಿಲ್ಲ.

ಬಂದ ಜೀನನ್ನು ತಡಿ, ಅಂದರೆ ಜೀನಿನ ಕೆಳಗೆ ಹಾಕುವ ಹಾಸು, ಇಲ್ಲದೆ ಬರೀ ಬೆನ್ನಿನ ಮೇಲಿಟ್ಟು ನೋಡಿದೆ. ಉಬ್ಬಿಗೂ ಜೀನಿಗೂ ನಡುವೆ ಎರಡು ಮೂರು ಬೆರಳು ಹಿಡಿಸಬೇಕು, ಸವಾರ ಕೂತ ಮೇಲೂ ಜೀನು ಉಬ್ಬಿಗೆ ತಾಗಬಾರದು. ಹಿಂದಿನಿಂದ ಬಗ್ಗಿ ನೋಡಿದರೆ ಬೆನ್ನೆಲುಬಿನ ಉದ್ದಕ್ಕೂ ಬೆಳಕು ಕಾಣಬೇಕು. ಜೀನಿನ ಮೆತ್ತೆಯ ಕೆಳಗೆ ಅಂಗೈ ಜಾರಿಸಿದರೆ ಒತ್ತಡ ಒಂದೇ ಸಮ ಇರಬೇಕು. ನಡುವೆ ಕೈ ಸಡಿಲಾದರೆ ಭಾರವೆಲ್ಲ ಎರಡು ತುದಿಗೆ ಬೀಳುತ್ತಿದೆ ಎಂದೇ ಅರ್ಥ. ನನ್ನ ಕೂರುವ ಸುಖ ಆಮೇಲಿನ ಮಾತು: ಹಿಂಬದಿ ನಾಲ್ಕು ಬೆರಳು ಜಾಗ ಉಳಿದರೆ ಆಯಿತು.

ಬಿಗಿ ಜೀನಿಗೆ ದಪ್ಪ ತಡಿ ಹಾಕಿ ಎನ್ನುವವರು ಬಹಳ. ಬಿಗಿ ಇನ್ನಷ್ಟು ಬಿಗಿಯಾಗುತ್ತದೆ ಅಷ್ಟೆ. ನಾನು ತೆಳುವಾದ ಉಣ್ಣೆ ತಡಿ ಬಳಸುತ್ತೇನೆ. ಹೊಟ್ಟೆಪಟ್ಟಿ ಬಿಗಿಯುವ ಮುಂಚೆ ತಡಿಯನ್ನು ಜೀನಿನ ನಡುವಿನ ಸಂದಿಗೆ ಮೇಲೆತ್ತುತ್ತೇನೆ, ಇಲ್ಲದಿದ್ದರೆ ಅದು ಉಬ್ಬಿನ ಮೇಲೆ ಎಳೆದು ಕೂರುತ್ತದೆ. ಸವಾರಿ ಮುಗಿಸಿ ಜೀನು ಇಳಿಸಿದಾಗ ಬೆವರು ನೋಡುತ್ತೇನೆ. ಸುತ್ತ ಒದ್ದೆಯಾಗಿ ನಡುವೆ ಅಂಗೈಯಷ್ಟು ಒಣಗಿದ್ದರೆ ಅಲ್ಲಿ ಒತ್ತುತ್ತಿದೆಯೇ ಎಂದು ಹುಡುಕಲೇಬೇಕು. ನಮ್ಮ ಘಟ್ಟದ ಇಳಿಜಾರಿನಲ್ಲಿ ಜೀನು ಮುಂದಕ್ಕೆ ಜಾರುತ್ತದೆ. ಅದಕ್ಕೆ ಬಾಲದ ಬುಡಕ್ಕೆ ಸುತ್ತಿ ಜೀನನ್ನು ಹಿಡಿದಿಡುವ ಬಾಲಪಟ್ಟಿ ಕಟ್ಟುತ್ತೇನೆ, ಹೊಟ್ಟೆಪಟ್ಟಿಯನ್ನು ಅತಿಯಾಗಿ ಬಿಗಿಯುವುದಿಲ್ಲ.

ಮಳೆಗಾಲದಲ್ಲಿ ತಡಿ ಒಣಗಿಸುವುದೇ ದೊಡ್ಡ ಕೆಲಸ. ಬಚ್ಚಲೊಲೆಯ ಪಕ್ಕದಲ್ಲಿಟ್ಟರೆ ಉಣ್ಣೆ ಗಟ್ಟಿಯಾಗುತ್ತದೆ, ಜೀನಿನ ಚರ್ಮ ಬಿರಿಯುತ್ತದೆ. ಎರಡನ್ನೂ ಹೊಗೆಯಿಲ್ಲದ, ಗಾಳಿಯಾಡುವ ಅಟ್ಟದಲ್ಲಿ ತೂಗುಹಾಕಿ, ಬೂಷ್ಟು ಕಂಡ ಕೂಡಲೇ ಒಣಬಟ್ಟೆಯಲ್ಲಿ ಒರೆಸುತ್ತೇನೆ.

ಜೂನಿನಿಂದ ಸವಾರಿ ಕಡಿಮೆಯಾಗಿ ಬೆನ್ನಿನ ಸ್ನಾಯು ಇಳಿಯುತ್ತದೆ, ಹಸಿಹುಲ್ಲಿಗೆ ಹೊಟ್ಟೆ ಮಾತ್ರ ಬೆಳೆಯುತ್ತದೆ. ಹಾಗಾಗಿ ದಸರೆ ಹೊತ್ತಿಗೆ ಮತ್ತೆ ತಂತಿ ಹಿಡಿದು ಹಳೆಯ ರಟ್ಟಿನ ಜೊತೆ ಹೋಲಿಸುತ್ತೇನೆ. ಹೋದ ಸಲ ಹೆಗಲ ಹಿಂದೆ ತಗ್ಗು ಬಿದ್ದಿತ್ತು. ಎರಡೂ ಪಕ್ಕ ತೆಳು ಉಣ್ಣೆ ಪಟ್ಟಿ ಸೇರಿಸಿ, ಸ್ನಾಯು ತುಂಬಿಕೊಂಡ ಮೇಲೆ ತೆಗೆದೆ.