ಆಟ ಎಳೆದುಕೊಳ್ಳುವ ಡೇಟಾ ಎಷ್ಟು? ಮನೆಯಲ್ಲೇ ಅಳೆದು ನೋಡಿ

ಮನೆಯಲ್ಲಿ ಇಂಟರ್ನೆಟ್ ನಿಧಾನವಾದ ಕೂಡಲೇ ಮೊದಲ ಬೈಗುಳ ಬೀಳುವುದು ಆನ್‌ಲೈನ್ ಆಟ ಆಡುತ್ತಿರುವವರ ಮೇಲೆ. ‘ಇಡೀ ನೆಟ್ ನೀನೇ ಎಳೆದುಕೊಳ್ಳುತ್ತಿದ್ದೀಯ’ ಎಂಬ ಆರೋಪ. ಅಳೆದು ನೋಡಿದರೆ ಈ ಆರೋಪ ಬಹಳ ಸಲ ನಿಲ್ಲುವುದಿಲ್ಲ. ಇತ್ತ ಆಡುವವರೂ ಆಟ ತಡವರಿಸಿದಾಗ ಹೆಚ್ಚು ವೇಗದ ಪ್ಲಾನ್ ಕೊಳ್ಳುತ್ತಾರೆ. ತಡವರಿಕೆ ಮಾತ್ರ ಹಾಗೆಯೇ ಉಳಿಯುತ್ತದೆ. ಒಂದು ಸಂಜೆ ಬಿಡುವು ಮಾಡಿಕೊಂಡರೆ ನಿಜವಾದ ಕಾರಣವನ್ನು ನೀವೇ ಹುಡುಕಬಹುದು.

ಮೊದಲು ಕಾಗದದ ಮೇಲೆ ಲೆಕ್ಕ

ಆಟದ ಚಿತ್ರಗಳು ಇಂಟರ್ನೆಟ್‌ನಿಂದ ಬರುವುದಿಲ್ಲ. ಮೈದಾನ, ಕಟ್ಟಡ, ಪಾತ್ರ ಎಲ್ಲವೂ ನಿಮ್ಮ ಯಂತ್ರದಲ್ಲೇ ಇರುತ್ತವೆ. ತಂತಿಯಲ್ಲಿ ಓಡಾಡುವುದು ಯಾರು ಎಲ್ಲಿದ್ದಾರೆ, ಯಾವ ಕಡೆ ತಿರುಗಿದರು, ಯಾವ ಗುಂಡಿ ಒತ್ತಿದರು ಎಂಬ ಚುಟುಕು ಸುದ್ದಿ ಮಾತ್ರ. ನಿಮ್ಮ ಕಡೆಯಿಂದ ಸೆಕೆಂಡಿಗೆ 60 ಪ್ಯಾಕೆಟ್ (ಡೇಟಾದ ಚಿಕ್ಕ ಕಟ್ಟು) ಹೋಗುತ್ತವೆ, ಒಂದೊಂದೂ 100 ಬೈಟ್ ಎಂದುಕೊಳ್ಳಿ. ಸೆಕೆಂಡಿಗೆ 6,000 ಬೈಟ್ ಆಯಿತು. ಒಂದು ಬೈಟ್ ಎಂದರೆ 8 ಬಿಟ್; ಹಾಗಾಗಿ 48 ಕಿಲೋಬಿಟ್. ಸರ್ವರ್ ಕಡೆಯಿಂದ ಬರುವ ಪ್ಯಾಕೆಟ್‌ಗಳಲ್ಲಿ ಎಲ್ಲ ಆಟಗಾರರ ಸುದ್ದಿಯೂ ಇರುವುದರಿಂದ ಅವು ದೊಡ್ಡವು. 500 ಬೈಟ್ ಎಂದು ಹಿಡಿದರೆ 240 ಕಿಲೋಬಿಟ್. ಎರಡೂ ಸೇರಿ ಗಂಟೆಗೆ ಸುಮಾರು 130 ಎಂಬಿ.

ಆಟದಿಂದ ಆಟಕ್ಕೆ ಈ ಅಂಕಿ ಏರಿಳಿಯುತ್ತದೆ, ಮಾತುಕತೆಯ ಧ್ವನಿ ಸೇರಿದರೆ ಇನ್ನಷ್ಟು ಹೆಚ್ಚುತ್ತದೆ. ಆದರೂ ಎಚ್‌ಡಿ ಗುಣಮಟ್ಟದ ಸಿನಿಮಾ ಒಂದು ಗಂಟೆಗೆ ಹತ್ತಿರ ಹತ್ತಿರ 3 ಜಿಬಿ ಬೇಡುತ್ತದೆ ಎನ್ನುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಇಪ್ಪತ್ತು ಪಟ್ಟಿಗೂ ಮೀರಿದ ವ್ಯತ್ಯಾಸ!

ನಿಜಕ್ಕೂ ಹಸಿದಿರುವುದು ಆಟದ ಅಪ್‌ಡೇಟ್. 30 ಜಿಬಿಯ ಒಂದು ಅಪ್‌ಡೇಟ್ ಇಳಿಸಿಕೊಂಡರೆ ಮೇಲಿನ ಲೆಕ್ಕದ ಪ್ರಕಾರ 230 ಗಂಟೆ ಆಡಿದಷ್ಟು ಡೇಟಾ ಖರ್ಚಾಗಿರುತ್ತದೆ. ಇನ್ನೊಂದು ಅಪವಾದ ಕ್ಲೌಡ್ ಗೇಮಿಂಗ್. ಅಲ್ಲಿ ಆಟ ನಡೆಯುವುದು ದೂರದ ಯಂತ್ರದಲ್ಲಿ, ನಿಮಗೆ ಬರುವುದು ವಿಡಿಯೊ. ಸೆಕೆಂಡಿಗೆ 60 ಚೌಕಟ್ಟುಗಳ 1080ಪಿ ಚಿತ್ರಕ್ಕೆ ಜಿಫೋರ್ಸ್ ನೌ ಎಂಬ ಕ್ಲೌಡ್ ಗೇಮಿಂಗ್ ಸೇವೆ ಕೇಳುವ ವೇಗ 25 ಎಂಬಿಪಿಎಸ್ (ಸೆಕೆಂಡಿಗೆ 25 ಮೆಗಾಬಿಟ್). ಅಷ್ಟನ್ನೂ ಬಳಸಿದರೆ ಗಂಟೆಗೆ 11 ಜಿಬಿ. ಮನೆಯವರ ದೂರು ಇಂಥ ಆಟದ ಮೇಲಿದ್ದರೆ ಅದು ನ್ಯಾಯವಾದದ್ದೇ.

ನಿಮ್ಮ ಯಂತ್ರದ ಅಂಕಿ ಓದಿ

ವಿಂಡೋಸ್‌ನಲ್ಲಿ ರಿಸೋರ್ಸ್ ಮಾನಿಟರ್ ತೆರೆದು ನೆಟ್‌ವರ್ಕ್ ಟ್ಯಾಬ್‌ಗೆ ಹೋಗಿ. ಯಾವ ಪ್ರೋಗ್ರಾಂ ಸೆಕೆಂಡಿಗೆ ಎಷ್ಟು ಬೈಟ್ ಕಳಿಸುತ್ತಿದೆ, ಎಷ್ಟು ಪಡೆಯುತ್ತಿದೆ ಎಂಬುದು ಅಲ್ಲಿ ಸಾಲಾಗಿ ಕಾಣುತ್ತದೆ. ಮ್ಯಾಕ್‌ನಲ್ಲಿ ಇದೇ ಕೆಲಸಕ್ಕೆ ಆಕ್ಟಿವಿಟಿ ಮಾನಿಟರ್ ಇದೆ. ಆಟ ಆರಂಭಿಸಿ ಹತ್ತು ನಿಮಿಷ ಆಡಿದ ಮೇಲೆ ಆಟದ ಸಾಲನ್ನೂ ಉಳಿದ ಸಾಲುಗಳನ್ನೂ ಹೋಲಿಸಿ. ಇಲ್ಲಿನ ಅಂಕಿ ಬೈಟ್‌ನಲ್ಲಿದೆ, ಪ್ಲಾನ್‌ನ ವೇಗ ಬಿಟ್‌ನಲ್ಲಿದೆ. 8ರಿಂದ ಗುಣಿಸದೆ ಹೋಲಿಸಿದರೆ ತಪ್ಪು ತೀರ್ಮಾನಕ್ಕೆ ಬರುತ್ತೀರಿ.

ಬಳಿಕ ಬ್ರೌಸರ್‌ನಲ್ಲಿ ರೂಟರ್‌ನ ಪುಟ ತೆರೆದು ಯಾವ ಯಾವ ಸಾಧನಗಳು ಸೇರಿಕೊಂಡಿವೆ ಎಂದು ನೋಡಿ. ಸಾಧನವಾರು ಬಳಕೆಯನ್ನೂ ಕೆಲವು ರೂಟರ್‌ಗಳು ತೋರಿಸುತ್ತವೆ. ತೋರಿಸದಿದ್ದರೆ ಒಂದೊಂದನ್ನೇ ನೆಟ್‌ನಿಂದ ಬಿಡಿಸುತ್ತಾ ಹೋಗುವುದೇ ದಾರಿ.

ಕಾಯುವ ಸರತಿಯನ್ನು ಹಿಡಿಯುವುದು

ಇಷ್ಟು ಕಡಿಮೆ ಡೇಟಾ ಬೇಡುವ ಆಟ ತಡವರಿಸುವುದೇಕೆ? ಆಟಕ್ಕೆ ಬೇಕಾದದ್ದು ಅಗಲವಾದ ದಾರಿಯಲ್ಲ, ಕಾಯಿಸದ ದಾರಿ. ಮನೆಯ ಇನ್ಯಾವುದೋ ಮೊಬೈಲ್ ತನ್ನ ಫೋಟೊಗಳನ್ನು ಕ್ಲೌಡ್‌ಗೆ ಏರಿಸಲು ತೊಡಗಿದೆ ಎನ್ನೋಣ. ಅಪ್‌ಲೋಡ್ ವೇಗ 10 ಎಂಬಿಪಿಎಸ್, ಮೋಡೆಮ್‌ನಲ್ಲಿ 1 ಎಂಬಿಯಷ್ಟು ಪ್ಯಾಕೆಟ್‌ಗಳು ಸಾಲುಗಟ್ಟಿವೆ. 1 ಎಂಬಿ ಎಂದರೆ 80 ಲಕ್ಷ ಬಿಟ್. ಅದು ಖಾಲಿಯಾಗಲು 0.8 ಸೆಕೆಂಡ್ ಬೇಕು. ನಿಮ್ಮ 100 ಬೈಟ್‌ನ ಪುಟ್ಟ ಪ್ಯಾಕೆಟ್ ಆ ಸಾಲಿನ ಬಾಲದಲ್ಲಿ ನಿಂತು 800 ಮಿಲಿಸೆಕೆಂಡ್ ಕಾಯಬೇಕು. ಅಷ್ಟರಲ್ಲಿ ಎದುರಾಳಿ ನಿಮ್ಮನ್ನು ಮುಗಿಸಿರುತ್ತಾನೆ. ಈ ತೊಂದರೆಗೆ ಬಫರ್‌ಬ್ಲೋಟ್ ಎಂಬ ಹೆಸರಿದೆ. ವೇಗಪರೀಕ್ಷೆಯ ಅಂಕಿ ಚೆನ್ನಾಗಿದ್ದೂ ಆಟ ಕೆಡುವುದಕ್ಕೆ ನಾನು ಮೊದಲು ಅನುಮಾನಿಸುವುದು ಇದನ್ನೇ.

ಪರೀಕ್ಷೆ ಸುಲಭ. ಎರಡು ಕಮಾಂಡ್ ಕಿಟಕಿಗಳನ್ನು ತೆರೆಯಿರಿ. ಒಂದರಲ್ಲಿ ನಿಮ್ಮ ರೂಟರ್‌ಗೆ ಪಿಂಗ್ ಮಾಡಿ, ಅಂದರೆ ping ಎಂದು ಬರೆದು ಪಕ್ಕದಲ್ಲಿ ಅದರ ವಿಳಾಸ ಕೊಡಿ; ಉತ್ತರ ಬರಲು ಹಿಡಿದ ಸಮಯ ಮಿಲಿಸೆಕೆಂಡ್‌ನಲ್ಲಿ ಕಾಣುತ್ತದೆ. ವಿಳಾಸ ಸಾಮಾನ್ಯವಾಗಿ 192.168.0.1 ಅಥವಾ 192.168.1.1 ಆಗಿರುತ್ತದೆ. ಇನ್ನೊಂದರಲ್ಲಿ ಹೊರಗಿನ ವಿಳಾಸಕ್ಕೆ, ಉದಾಹರಣೆಗೆ ಗೂಗಲ್‌ನ 8.8.8.8ಕ್ಕೆ. ವಿಂಡೋಸ್ ನಾಲ್ಕೇ ಸಲ ಕಳಿಸಿ ನಿಲ್ಲಿಸುತ್ತದೆ. ಕೊನೆಯಲ್ಲಿ ಒಂದು ಜಾಗ ಬಿಟ್ಟು -t ಎಂದು ಸೇರಿಸಿದರೆ ನೀವು ಬೇಡವೆನ್ನುವವರೆಗೂ ಮುಂದುವರಿಸುತ್ತದೆ. ಎರಡು ನಿಮಿಷ ಸುಮ್ಮನೆ ನೋಡಿ. ಆಮೇಲೆ ಮೊಬೈಲ್‌ನಿಂದ ದೊಡ್ಡದೊಂದು ವಿಡಿಯೊವನ್ನು ಅಪ್‌ಲೋಡ್‌ಗೆ ಹಚ್ಚಿ, ಅಂಕಿಗಳ ಮೇಲೆ ಕಣ್ಣಿಡಿ.

ರೂಟರ್‌ನ ಅಂಕಿಯೇ 2ರಿಂದ 80ಕ್ಕೆ, 150ಕ್ಕೆ ಜಿಗಿದರೆ ದೋಷ ವೈಫೈನದು. ರೂಟರ್ ಅಲುಗದೆ ಹೊರಗಿನ ಅಂಕಿ ಮಾತ್ರ ಏರಿದರೆ ನೀವು ಸರತಿಯನ್ನು ಹಿಡಿದಿರಿ. ಅಪ್‌ಲೋಡ್ ಆರಂಭಿಸುವ ಮೊದಲೇ ಹೊರಗಿನ ಅಂಕಿ ಕುಣಿಯುತ್ತಿದ್ದರೆ ಕಾರಣ ಬಹುಶಃ ಮನೆಯ ಆಚೆ ಇದೆ.

ಸರಿಪಡಿಸುವ ಬಗೆ

ವೈಫೈ ದೋಷವಾದರೆ ಕೇಬಲ್ ಎಳೆಯಿರಿ. ಇದಕ್ಕಿಂತ ಒಳ್ಳೆಯ ಮದ್ದು ನನಗೆ ಗೊತ್ತಿಲ್ಲ. ಸಾಧ್ಯವಾಗದಿದ್ದರೆ ವೈಫೈಯನ್ನು 5 ಗಿಗಾಹರ್ಟ್ಸ್ ತರಂಗಕ್ಕೆ ಬದಲಾಯಿಸಿ. ಗೋಡೆಗಳನ್ನು ದಾಟುವುದರಲ್ಲಿ ಅದು 2.4ಕ್ಕಿಂತ ದುರ್ಬಲವಾದ್ದರಿಂದ ರೂಟರ್ ಅದೇ ಕೋಣೆಯಲ್ಲಿದ್ದರೆ ಲೇಸು.

ಸರತಿಯ ದೋಷಕ್ಕೆ ಮೊದಲು ಖರ್ಚಿಲ್ಲದ ಉಪಾಯ: ಫೋಟೊ ಬ್ಯಾಕಪ್, ಆಟದ ಅಪ್‌ಡೇಟ್‌ಗಳನ್ನು ರಾತ್ರಿಗೆ ತಳ್ಳಿ. ಆಟಗಳನ್ನು ಮಾರುವ ಸ್ಟೀಮ್‌ನ ಡೌನ್‌ಲೋಡ್ ಸೆಟ್ಟಿಂಗ್‌ನಲ್ಲಿ ಸಮಯವನ್ನೂ ಗರಿಷ್ಠ ವೇಗವನ್ನೂ ಗೊತ್ತುಮಾಡಬಹುದು. ಶಾಶ್ವತ ಉಪಾಯವೆಂದರೆ ರೂಟರ್‌ನ ಎಸ್‌ಕ್ಯೂಎಂ (ಸ್ಮಾರ್ಟ್ ಕ್ಯೂ ಮ್ಯಾನೇಜ್‌ಮೆಂಟ್), ಅಂದರೆ ಸರತಿಯನ್ನು ಜಾಣತನದಿಂದ ನಿಭಾಯಿಸುವ ವ್ಯವಸ್ಥೆ. ಓಪನ್‌ಡಬ್ಲ್ಯುಆರ್‌ಟಿ ತಂತ್ರಾಂಶವಿರುವ ರೂಟರ್‌ಗಳಲ್ಲಿ ಇದನ್ನು ಅಳವಡಿಸಿಕೊಳ್ಳಬಹುದು. ನೀವು ಅಳೆದ ವೇಗದ ಶೇ 90ರಷ್ಟನ್ನು ಮಿತಿಯಾಗಿ ಕೊಟ್ಟರೆ ಸಾಲು ಮೋಡೆಮ್‌ನಲ್ಲಿ ಬೆಳೆಯದೆ ರೂಟರ್‌ನ ಹಿಡಿತದಲ್ಲಿ ಉಳಿಯುತ್ತದೆ. ರೂಟರ್ ಚಿಕ್ಕ ಪ್ಯಾಕೆಟ್‌ಗಳನ್ನು ದೊಡ್ಡ ಹರಿವಿನ ಹಿಂದೆ ಕಾಯಿಸುವುದಿಲ್ಲ. ಶೇ 10ರಷ್ಟು ವೇಗ ಬಿಟ್ಟುಕೊಡಲು ಹಲವರಿಗೆ ಮನಸ್ಸು ಬರುವುದಿಲ್ಲ. ದಯವಿಟ್ಟು ಬಿಟ್ಟುಕೊಡಿ, ಒಮ್ಮೆ ಆಡಿ ನೋಡಿದರೆ ಹಿಂದಕ್ಕೆ ಹೋಗಲು ಮನಸ್ಸಾಗದು.

ದೂರಕ್ಕೆ ಮಾತ್ರ ಮದ್ದಿಲ್ಲ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಸರ್ವರ್ 5,000 ಕಿಲೋಮೀಟರ್ ಆಚೆ ಇದ್ದರೆ ಹೋಗಿಬರಲು 50 ಮಿಲಿಸೆಕೆಂಡ್ ಬೇಕೇ ಬೇಕು. ಆಟದ ಸೆಟ್ಟಿಂಗ್‌ನಲ್ಲಿ ಹತ್ತಿರದ ಸರ್ವರ್ ಆರಿಸಿಕೊಳ್ಳಿ.

ಎಲ್ಲ ಮುಗಿದ ಮೇಲೆ ಅದೇ ಪಿಂಗ್ ಪರೀಕ್ಷೆಯನ್ನು ಅದೇ ಅಪ್‌ಲೋಡ್‌ನೊಂದಿಗೆ ಮತ್ತೆ ಮಾಡಿ. ಉಳಿದ ಸಾಧನಗಳನ್ನೆಲ್ಲ ಬಿಡಿಸಿ, ಕೇಬಲ್ ಹಾಕಿದ ಮೇಲೂ ಹೊರಗಿನ ಅಂಕಿ ಜಿಗಿಯುತ್ತಿದ್ದರೆ ಮೂರು ದಿನ ಬೆಳಿಗ್ಗೆ, ಸಂಜೆ, ರಾತ್ರಿ ಅಳೆದು ಗಂಟೆಯ ಸಮೇತ ಬರೆದಿಟ್ಟುಕೊಳ್ಳಿ. ಸೇವೆ ಒದಗಿಸುವವರಿಗೆ ದೂರು ಕೊಡುವಾಗ ‘ನೆಟ್ ನಿಧಾನ’ ಎನ್ನುವ ಬದಲು ಆ ಹಾಳೆಯನ್ನೇ ಕಳುಹಿಸಿ.