ಫ್ಲ್ಯಾಟ್ ಮಾರೋರು ರೇಟು ಹೇಳೋ ಮುಂಚೆ

ಬೆಂಗಳೂರಲ್ಲಿ ಹಳೇ ಫ್ಲ್ಯಾಟ್ ಮಾರಲು ಹೊರಟವರು ವೆಬ್‌ಸೈಟಿನ ಜಾಹೀರಾತು ನೋಡಿ ಬೆಲೆ ಕಟ್ಟಬೇಡಿ. ಅದು ಮಾರುವವರ ಆಸೆ ಅಷ್ಟೇ. ನಿಮ್ಮದೇ ಅಪಾರ್ಟ್‌ಮೆಂಟಿನಲ್ಲಿ ಕಳೆದ ಆರು ತಿಂಗಳಲ್ಲಿ ಕೈಬದಲಾದ ಎರಡು-ಮೂರು ಮನೆ ನಿಜಕ್ಕೂ ಎಷ್ಟಕ್ಕೆ ಹೋಯಿತು ಅಂತ ಅಸೋಸಿಯೇಷನ್‌ನವರನ್ನು ಕೇಳಿ.

ಹೋಲಿಸುವಾಗ ಕಾರ್ಪೆಟ್ ಏರಿಯಾ, ಅಂದ್ರೆ ಮನೆಯೊಳಗೆ ನಿಜಕ್ಕೂ ಬಳಸೋ ಜಾಗ, ಹಿಡಿಯಿರಿ. ಎರಡು ಫ್ಲ್ಯಾಟೂ 1,200 ಚದರಡಿ ಸೂಪರ್ ಬಿಲ್ಟ್‌ಅಪ್ (ಗೋಡೆ, ಲಿಫ್ಟು, ಮೆಟ್ಟಿಲಿನಂಥ ಹಂಚಿಕೆ ಜಾಗದ ಪಾಲೂ ಸೇರಿ), ಬೆಲೆ 90 ಲಕ್ಷ ಅಂದುಕೊಳ್ಳಿ. ಒಂದರ ಕಾರ್ಪೆಟ್ 960, ಇನ್ನೊಂದರದು 864. ಚದರಡಿಗೆ 9,375 ಎಲ್ಲಿ, 10,417 ಎಲ್ಲಿ! ಟೇಪು ಹಿಡಿದು ಬರುವ ಗಿರಾಕಿಗೆ ಇದು ತಕ್ಷಣ ಗೊತ್ತಾಗುತ್ತೆ.

ಬಹಳ ವ್ಯವಹಾರ ಮುರಿಯೋದು ಬ್ಯಾಂಕಿನಲ್ಲಿ. ನೀವು 95 ಲಕ್ಷಕ್ಕೆ ಒಪ್ಪಿಸಿದಿರಿ, ಸಾಲಕ್ಕಾಗಿ ಮನೆಯ ಬೆಲೆ ಅಂದಾಜು ಮಾಡೋ ಬ್ಯಾಂಕಿನ ವ್ಯಾಲ್ಯೂಯರ್ 85 ಅಂದ. ಬ್ಯಾಂಕು ಅದರ ಶೇ. 75ರಷ್ಟು ಸಾಲ ಕೊಡುತ್ತೆ ಅಂದುಕೊಂಡರೆ ಸಿಗೋದು 63.75 ಲಕ್ಷ. ಉಳಿದ 31.25 ಲಕ್ಷ, ಮೇಲೆ ನೋಂದಣಿ ಖರ್ಚು, ಎಲ್ಲಾ ಕೊಳ್ಳುವವರ ಜೇಬಿಂದ. ಅಲ್ಲಿಗೆ ಅಡ್ವಾನ್ಸ್ ವಾಪಸ್ ಕೇಳ್ತಾರೆ. ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ಇಲ್ಲದಿದ್ದರಂತೂ ನೋಂದಣಿಯೇ ಆಗಲ್ಲ; ಮೊದಲು ಅದನ್ನು ಮಾಡಿಸಿಕೊಳ್ಳಿ.

ಚೌಕಾಸಿಗೆ ಶೇ. 3-4 ಇಟ್ಟರೆ ಸಾಕು. ವೆಬ್‌ಸೈಟಿನ ಜಾಹೀರಾತಿನಲ್ಲಿ 91 ಲಕ್ಷ ಅಂತ ಹಾಕಿದರೆ "90ರೊಳಗೆ" ಅಂತ ಹುಡುಕುವವರಿಗೆ ನಿಮ್ಮ ಮನೆ ಕಾಣೋದೇ ಇಲ್ಲ. ಮೂರು ವಾರ ಫೋನೇ ಬರದಿದ್ದರೆ ಒಂದೇ ಸಲ ಸರಿಯಾಗಿ ಇಳಿಸಿ. ವಾರಕ್ಕೆ 50 ಸಾವಿರ ಇಳಿಸುತ್ತಾ ಹೋದರೆ ಬ್ರೋಕರುಗಳು ಇನ್ನೂ ಇಳಿಯುತ್ತೆ ಅಂತ ಕಾಯ್ತಾರೆ.